ಅಡಿಕೆ ಸರ್ವೆ ಮಾಹಿತಿ ಪಿಎಚ್‌ಡಿಗೆ ಬಳಸಬಹುದಾ?

ಕಂಪನಿಯೊಂದಕ್ಕೆ ನೀವು ಮಾಡಿಕೊಟ್ಟ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಸರ್ವೆಯನ್ನು ನಿಮ್ಮ ಪಿಎಚ್‌ಡಿಗೆ ಬಳಸಬೇಡಿ ಅಂತ ಆ ಕಂಪನಿ ತಡೆಯಲು ಕಾರಣ, ಬಹುಶಃ ಒಪ್ಪಂದದ 'ಕೆಲಸದಿಂದ ಬಂದದ್ದೆಲ್ಲ ಕಂಪನಿಯದು' ಅನ್ನೋ ಸಾಲು. ಪೂರ್ತಿ ಪ್ರತಿ ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಹಕ್ಕು ವರ್ಗಾವಣೆ, ಗೋಪ್ಯತೆ ಇರುವ ಭಾಗ ಓದಿ. ನೀವು ನೌಕರರಲ್ಲ, ಸ್ವತಂತ್ರ ಸಲಹೆಗಾರರು ಅಲ್ವಾ? ಹಾಗಿದ್ದರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದ ವರದಿಯ ಹಕ್ಕು ಸಾಮಾನ್ಯವಾಗಿ ನಿಮ್ಮದೇ, ಸಹಿ ಹಾಕಿ ಬರೆದುಕೊಟ್ಟಿದ್ದರೆ ಮಾತ್ರ ಕೈತಪ್ಪುತ್ತದೆ, ಅದರಲ್ಲೂ ಅವಧಿ ಬರೆಯದಿದ್ದರೆ 5 ವರ್ಷಕ್ಕಷ್ಟೇ. ಆದರೆ ಗೋಪ್ಯತೆಯ ಷರತ್ತು ಬೇರೆ, ಅದಕ್ಕೆ ಸಹಿ ಹಾಕಿದ್ದರೆ ಪಾಲಿಸಲೇಬೇಕು.

ಆಮೇಲೆ ಹೆಸರು, ಫೋನ್ ನಂಬರ್, ಜಮೀನಿನ ಸರ್ವೆ ನಂಬರ್ ಬಿಟ್ಟು ಉಳಿದ ಮಾಹಿತಿಯ ಪಟ್ಟಿ ಮಾಡಿ, ಪ್ರಬಂಧಕ್ಕೆ ಮಾತ್ರ ಅಂತ ಕಂಪನಿಗೆ ಇಮೇಲಿನಲ್ಲಿ ಒಪ್ಪಿಗೆ ಕೇಳಿ. ಜಗಲಿಯಲ್ಲಿ ಕೂರಿಸಿ ನಂಬಿ ಹೇಳಿದವರ ವಿವರ ಅದು, ಸುಮ್ನೆ ಹಂಚಬೇಡಿ. ಕಂಪನಿ ಒಪ್ಪದಿದ್ದರೆ ನಿಮ್ಮದೇ ಪ್ರಶ್ನೆಪಟ್ಟಿ ಹಿಡಿದು, ಬೆಳೆಗಾರರ ಒಪ್ಪಿಗೆ ಪಡೆದು, ಹೊಸದಾಗಿ ಸರ್ವೆ ಮಾಡಿ.