ಸೋವಿಯತ್ ಕಾಲದ ಯುದ್ಧನೌಕೆಗಳನ್ನು ಆಧುನೀಕರಿಸಬೇಕೇ, ಹೊಸದನ್ನು ಕಟ್ಟಬೇಕೇ?

ರಷ್ಯಾ ತನ್ನ ಸೋವಿಯತ್ ಕಾಲದ ದೊಡ್ಡ ಯುದ್ಧನೌಕೆಗಳಿಗೆ ಹಣ ಸುರಿದು ಆಧುನೀಕರಿಸುವುದು ಸರಿಯೇ, ಅವನ್ನು ಗುಜರಿಗೆ ಹಾಕಿ ಹೊಸದನ್ನು ಕಟ್ಟುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಉಗಿಗಾಗಿ ದಶಕಗಳ ಕಾಲ ಬಾಯ್ಲರ್ ಉರಿಸಿ ದಣಿದ ದೈತ್ಯ ಹಡಗುಗಳನ್ನು ಬಿಟ್ಟುಬಿಡಬೇಕು. ಗ್ಯಾಸ್ ಟರ್ಬೈನ್‌ನಿಂದ (ಬಿಸಿ ಅನಿಲದ ಬಲದಲ್ಲಿ ತಿರುಗುವ ಎಂಜಿನ್‌ನಿಂದ) ಓಡುವ ಮಧ್ಯಮ ಗಾತ್ರದ ಹಡಗುಗಳಲ್ಲಿ ಒಡಲು ಗಟ್ಟಿಯಾಗಿರುವವನ್ನು ಆರಿಸಿ, ಇನ್ನು ಹತ್ತು ವರ್ಷ ಬಾಳುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಖರ್ಚು ಮಾಡಬೇಕು. ಯಾವ ಹಡಗೇ ಇರಲಿ, ಒಡಲು ಬಿಚ್ಚಿ ನೋಡುವ ಮೊದಲು ಬೆಲೆ ಒಪ್ಪಿಕೊಳ್ಳಬಾರದು.

ನಾನು ಹದಿನೈದು ವರ್ಷ ನೌಕಾಪಡೆಯ ಎಂಜಿನಿಯರಿಂಗ್ ವಿಭಾಗದಲ್ಲಿ ನಾವಿಕನಾಗಿದ್ದೆ. ಅದರಲ್ಲಿ ಆರು ವರ್ಷ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಹಡಗೊಂದರ ಎಂಜಿನ್ ಕೋಣೆಯಲ್ಲೇ ಕಳೆದೆ. ಒಮ್ಮೆ ರೀಫಿಟ್‌ಗೆಂದು, ಅಂದರೆ ದೊಡ್ಡ ದುರಸ್ತಿಗೆಂದು, ಹಡಗು ಡ್ರೈ ಡಾಕ್‌ಗೆ (ನೀರು ಖಾಲಿ ಮಾಡಿ ಹಡಗು ನಿಲ್ಲಿಸುವ ಕಟ್ಟೆಗೆ) ಬಂದಾಗ, ಸಮುದ್ರದ ನೀರು ಹರಿಯುವ ಕೊಳವೆಯೊಂದರ ಎರಡು ಮೀಟರ್ ಭಾಗವನ್ನು ಬದಲಿಸುವ ಕೆಲಸ ನಮ್ಮ ಪಾಲಿಗೆ ಬಂತು. ಬೂದು ಬಣ್ಣವನ್ನು ಕೆರೆಯತೊಡಗಿದೆವು. ಒಂದು ಪದರದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕೊಳವೆ ಠಣ್ಣೆನ್ನುತ್ತದೆ, ಸವೆದ ಕೊಳವೆಯ ಸದ್ದು ಮಂಕಾಗಿರುತ್ತದೆ. ಹೀಗೆ ತಟ್ಟುತ್ತಾ ಹೋದಾಗ ಒಂದು ಕಡೆ ಸುತ್ತಿಗೆಯ ಮೂತಿ ಕೊಳವೆಯ ಒಳಗೇ ಹೋಯಿತು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಆಗಿರಲಿಲ್ಲ, ಬಣ್ಣವೇ ಕೊಳವೆಯನ್ನು ಹಿಡಿದುಕೊಂಡಿತ್ತು. ಎರಡು ಮೀಟರ್ ಎಂದುಕೊಂಡದ್ದು ಹನ್ನೊಂದು ಮೀಟರ್ ಆಯಿತು. ಹೊಸ ಕೊಳವೆಗೆ ದಾರಿ ಮಾಡಲು ಕೇಬಲ್ ಕಟ್ಟುಗಳನ್ನು ಸರಿಸಬೇಕಾಯಿತು. ಸರಿಸಿದರೆ ಕೇಬಲ್ಲಿನ ಹೊದಿಕೆ ಅಂಗೈಯಲ್ಲೇ ಪುಡಿಯಾಯಿತು. ಆಮೇಲೆ ಆ ಕೇಬಲ್ಲುಗಳೂ ಬದಲಾಗಬೇಕಾದವು. ಹಳೆಯ ಹಡಗಿನ ದುರಸ್ತಿ ನಡೆಯುವುದೇ ಹೀಗೆ, ಒಂದು ಎಳೆ ಎಳೆದರೆ ಇಡೀ ನೇಯ್ಗೆ ಬಿಚ್ಚಿಕೊಳ್ಳುತ್ತದೆ.

ಇದೇ ಅನುಭವ ನಮ್ಮ ದೇಶಕ್ಕೆ ಭಾರಿ ಪ್ರಮಾಣದಲ್ಲಿ ಆಗಿದೆ. ಇಂದು ಕಾರವಾರದ ನೌಕಾನೆಲೆಯನ್ನು ಮನೆ ಮಾಡಿಕೊಂಡಿರುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಮೊದಲು 'ಬಾಕು' ಎಂಬ ಹೆಸರಿನಲ್ಲಿ 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿತ್ತು. ನಂತರ 'ಅಡ್ಮಿರಲ್ ಗೋರ್ಶ್ಕೋವ್' ಎಂದು ಹೆಸರು ಬದಲಾಯಿತು. ಹಣದ ಕೊರತೆಯಿಂದ ರಷ್ಯಾ ಅದನ್ನು 1996ರಲ್ಲಿ ಸೇವೆಯಿಂದ ತೆಗೆಯಿತು. 2004ರ ಒಪ್ಪಂದದಲ್ಲಿ ಹಡಗಿನ ಒಡಲು ನಮಗೆ ಉಚಿತ, ಮರುನಿರ್ಮಾಣಕ್ಕೆ 97.4 ಕೋಟಿ ಡಾಲರ್, ಹಸ್ತಾಂತರ 2008ಕ್ಕೆ ಎಂದಿತ್ತು. ರಷ್ಯಾದ ಸೆವೆರೊದ್ವಿನ್ಸ್ಕ್ ನಗರದ ಹಡಗುಕಟ್ಟೆಯಲ್ಲಿ ಕೆಲಸ ಆರಂಭವಾದ ಮೇಲೆ ಅಂದಾಜೆಲ್ಲ ತಲೆಕೆಳಗಾಯಿತು. ಕೊನೆಗೆ ಹೊಸದಾಗಿ ಎಳೆದ ಕೇಬಲ್ಲೇ ಸುಮಾರು 2,300 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದರೂ ಅಷ್ಟು ದೂರವಾಗುವುದಿಲ್ಲ. ಬೆಲೆ 235 ಕೋಟಿ ಡಾಲರ್‌ಗೆ ಏರಿತು. ಹಡಗು ಕೈಗೆ ಬಂದದ್ದು 2013ರ ನವೆಂಬರ್‌ನಲ್ಲಿ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಅದರಲ್ಲೂ ಬಾಯ್ಲರ್‌ಗಳ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2012ರ ಸಮುದ್ರ ಪರೀಕ್ಷೆಯಲ್ಲಿ ಪೂರ್ಣ ವೇಗಕ್ಕೆ ಹೋದಾಗ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು ಎಂದು ಆಗ ವರದಿಯಾಯಿತು. ಬಾಯ್ಲರಿನ ಒಳಗೋಡೆಗೆ ಶಾಖ ತಡೆಯುವ ಹೊದಿಕೆ ಬೇಕು. ಹಳೆಯ ಪದ್ಧತಿಯಲ್ಲಿ ಅಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತಿತ್ತು. ಅದು ಆರೋಗ್ಯಕ್ಕೆ ಕೆಡುಕು ಎಂದು ಭಾರತ ಬೇಡವೆಂದಿತು, ಅದು ಸರಿಯಾದ ನಿರ್ಧಾರವೇ. ಬದಲಿಗೆ ಬಳಸಿದ ಬೆಂಕಿ ಇಟ್ಟಿಗೆಗಳು ಪೂರ್ಣ ಶಾಖವನ್ನು ತಾಳಲಿಲ್ಲ. ಹಡಗು ಮತ್ತೆ ಹಡಗುಕಟ್ಟೆಗೆ ಮರಳಿತು, ಒಂದು ವರ್ಷ ಹೋಯಿತು. ರಾಡಾರ್, ಕ್ಷಿಪಣಿ, ಕಂಪ್ಯೂಟರ್‌ಗಳನ್ನು ಹೊಸದಾಗಿ ತಂದು ಕೂರಿಸಬಹುದು. ಹಳೆಯ ಕಾಲದ ಲೆಕ್ಕಾಚಾರದಲ್ಲಿ ಹುಟ್ಟಿದ ಬಾಯ್ಲರಿಗೆ ಇಂದಿನ ಸಾಮಗ್ರಿ ಹೊಂದಿಸುವುದು ಬೇರೆಯೇ ವಿದ್ಯೆ, ಅದನ್ನು ಬಲ್ಲವರು ನಿವೃತ್ತರಾಗಿ ಹೋಗಿರುತ್ತಾರೆ.

ಹಾಗೆಂದು ವಿಕ್ರಮಾದಿತ್ಯವನ್ನು ತಂದದ್ದು ತಪ್ಪು ಎಂದು ನಾನು ಹೇಳಲಾರೆ. 2017ರಲ್ಲಿ ವಿರಾಟ್ ನಿವೃತ್ತವಾಯಿತು. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ ಐದೂವರೆ ವರ್ಷ ನಮ್ಮಲ್ಲಿದ್ದ ವಿಮಾನವಾಹಕ ನೌಕೆ ಇದೊಂದೇ. ಮಿಗ್-29ಕೆ ವಿಮಾನಗಳನ್ನು ಹಡಗಿನ ಮೇಲೆ ಇಳಿಸಲು ನಮ್ಮ ಪೈಲಟ್‌ಗಳು ಕಲಿತದ್ದು ಇದರ ಮೇಲೆಯೇ. ಹೊಸ ಹಡಗು ಬರುವವರೆಗೆ ಕೆಲಸ ನಡೆಸಲು ಹಳೆಯದನ್ನು ಇಟ್ಟುಕೊಂಡರೆ ಅದಕ್ಕೆ ಅರ್ಥವಿದೆ. ಹೊಸದನ್ನು ಕಟ್ಟುವ ಯೋಚನೆಯೇ ಇಲ್ಲದೆ ಹಳೆಯದಕ್ಕೆ ತೇಪೆ ಹಾಕುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ.

ರಷ್ಯಾದ ವಿಮಾನವಾಹಕ ನೌಕೆ 'ಅಡ್ಮಿರಲ್ ಕುಜ್ನೆತ್ಸೋವ್' ಸಿಕ್ಕಿಕೊಂಡದ್ದು ಈ ಎರಡನೆಯ ಸ್ಥಿತಿಯಲ್ಲಿ. ಅದೂ ಬಾಯ್ಲರ್‌ಗಳ ಹಡಗೇ. 2016ರಲ್ಲಿ ಸಿರಿಯಾದತ್ತ ಹೊರಟಾಗ ಅದರ ಕಪ್ಪು ಹೊಗೆಯನ್ನು ಜಗತ್ತೇ ನೋಡಿತು, ಜೊತೆಗೊಂದು ಎಳೆಯುವ ಹಡಗನ್ನೂ ಕಳಿಸಿದ್ದರು. 2018ರ ಅಕ್ಟೋಬರ್‌ನಲ್ಲಿ ದುರಸ್ತಿ ನಡೆಯುತ್ತಿದ್ದಾಗ ತೇಲುವ ಡಾಕ್ ಮುಳುಗಿತು, ಕ್ರೇನ್ ಡೆಕ್ ಮೇಲೆ ಉರುಳಿತು. ಮರುವರ್ಷ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಇಬ್ಬರು ಪ್ರಾಣ ಕಳೆದುಕೊಂಡರು. ಇದನ್ನು ಇನ್ನು ದುರಸ್ತಿ ಮಾಡುವುದರಲ್ಲಿ ಅರ್ಥವಿಲ್ಲ ಎಂದು 2025ರಲ್ಲಿ ಅಲ್ಲಿನ ಸರ್ಕಾರಿ ಹಡಗು ನಿರ್ಮಾಣ ನಿಗಮದ ಅಧ್ಯಕ್ಷ ಆಂದ್ರೆ ಕೋಸ್ತಿನ್ ಅವರೇ ಬಹಿರಂಗವಾಗಿ ಹೇಳಿದರು. ಆ ಮಾತನ್ನು 2018ರಲ್ಲೇ ಹೇಳಿದ್ದರೆ ಎರಡು ಜೀವಗಳು ಉಳಿಯುತ್ತಿದ್ದವು ಎಂದು ನನಗೆ ಅನ್ನಿಸುತ್ತದೆ. ಎಂಜಿನ್ ಕೋಣೆಯಲ್ಲಿ ಬಾಳಿದವನಿಗೆ ಅದು ಸಣ್ಣ ಸಂಗತಿಯಲ್ಲ.

ಅಣುಶಕ್ತಿಯಿಂದ ಓಡುವ ರಷ್ಯಾದ ದೊಡ್ಡ ಯುದ್ಧನೌಕೆ 'ಅಡ್ಮಿರಲ್ ನಾಖಿಮೋವ್' ಇನ್ನೊಂದು ಉದಾಹರಣೆ. ಸೇವೆಗೆ ಸೇರಿದ್ದು 1988ರಲ್ಲಿ, 1999ರಿಂದ ಸೆವೆರೊದ್ವಿನ್ಸ್ಕ್‌ನಲ್ಲೇ ನಿಂತಿತ್ತು. ಆಧುನೀಕರಣದ ಒಪ್ಪಂದವಾದದ್ದು 2013ರಲ್ಲಿ, ಹಡಗು ಮತ್ತೆ ಸಮುದ್ರ ಪರೀಕ್ಷೆಗೆ ಇಳಿದದ್ದು 2025ರ ಆಗಸ್ಟ್‌ನಲ್ಲಿ. ಹಣ ಖರ್ಚಾಗಿದೆ, ಹಡಗು ಸಮುದ್ರಕ್ಕೆ ಇಳಿದಿದೆ, ಆದ್ದರಿಂದ ಅದನ್ನು ಬಳಸಲಿ. ಅದೇ ವರ್ಗದ 'ಪ್ಯೋತರ್ ವೆಲಿಕಿ'ಗೆ ಮಾತ್ರ ಇದೇ ದಾರಿ ಹಿಡಿಯಬಾರದು.

ಕ್ಷಿಪಣಿ ಹಾರಿಸಲು ದೈತ್ಯ ಹಡಗೇ ಬೇಕೆಂಬ ಕಾಲವೂ ಕಳೆದಿದೆ. 2015ರ ಅಕ್ಟೋಬರ್‌ನಲ್ಲಿ ಕ್ಯಾಸ್ಪಿಯನ್ ಸಮುದ್ರದಿಂದ ಸಿರಿಯಾದವರೆಗೆ, ಸುಮಾರು 1,500 ಕಿಲೋಮೀಟರ್ ದೂರಕ್ಕೆ, ರಷ್ಯಾ 26 ಕಲಿಬ್ರ್ ಕ್ಷಿಪಣಿಗಳನ್ನು ಹಾರಿಸಿತು. ಹಾರಿಸಿದ ನಾಲ್ಕು ಹಡಗುಗಳ ಪೈಕಿ ಮೂರು ಹಡಗುಗಳು ಒಂದು ಸಾವಿರ ಟನ್ ಕೂಡ ಮುಟ್ಟದಷ್ಟು ಚಿಕ್ಕವು. 12,000 ಟನ್ ಆಸುಪಾಸಿನ, ಸೋವಿಯತ್ ಕಾಲದ ರಷ್ಯಾದ ಯುದ್ಧನೌಕೆ 'ಮೊಸ್ಕ್ವಾ' 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಮುಳುಗಿತು. ತನ್ನ ನೆಪ್ಚೂನ್ ಕ್ಷಿಪಣಿಗಳು ಅದನ್ನು ಹೊಡೆದವು ಎಂದು ಉಕ್ರೇನ್ ಹೇಳಿತು. ಬೆಂಕಿಯಿಂದ ಮದ್ದುಗುಂಡು ಸ್ಫೋಟಿಸಿತು ಎಂದು ರಷ್ಯಾ ಹೇಳಿತು. ಎರಡರಲ್ಲಿ ಯಾವುದನ್ನು ನಂಬಿದರೂ, ಆ ಹಡಗು ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿತ್ತು ಎಂಬುದಂತೂ ನಿಜ.

ಸರಿಯಾದ ಆಧುನೀಕರಣಕ್ಕೆ ನಾನು 'ಮಾರ್ಷಲ್ ಶಾಪೊಶ್ನಿಕೋವ್' ಹೆಸರು ಹೇಳುತ್ತೇನೆ. 1980ರ ದಶಕದ ಗ್ಯಾಸ್ ಟರ್ಬೈನ್ ಹಡಗು ಅದು. ವ್ಲಾದಿವಸ್ತೋಕ್‌ನಲ್ಲಿ ಅದರ ಎರಡು ಫಿರಂಗಿಗಳಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ 16 ಕಲಿಬ್ರ್ ಕ್ಷಿಪಣಿಗಳಿಗೆ ಸ್ಥಳ ಮಾಡಿದರು, 2021ರಲ್ಲಿ ಹಡಗು ಸೇವೆಗೆ ಮರಳಿತು. ನಮ್ಮ ರಜಪೂತ್ ವರ್ಗದ ಹಡಗುಗಳಿಗೆ ಬ್ರಹ್ಮೋಸ್ ಕೂರಿಸಿದ್ದೂ ಇದೇ ವಿವೇಕದಿಂದ. ಹಡಗಿನ ಸ್ವಭಾವವನ್ನು ಬದಲಿಸಲು ಹೋಗಲಿಲ್ಲ, ಅದರ ಕೈಗೆ ಹೊಸ ಆಯುಧವನ್ನಷ್ಟೇ ಕೊಟ್ಟರು.

ಹಾಗಾದರೆ ರಷ್ಯಾ ಹೊಸದನ್ನೇ ಏಕೆ ಕಟ್ಟಲಿಲ್ಲ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವೆ. ಹಡಗಿನ ವಿಷಯದಲ್ಲಿ ಆ ಕಷ್ಟ ಇನ್ನೂ ದೊಡ್ಡದು. ಸೋವಿಯತ್ ಒಕ್ಕೂಟದ ವಿಮಾನವಾಹಕ ನೌಕೆಗಳೆಲ್ಲ ಹುಟ್ಟಿದ್ದು ಇಂದಿನ ಉಕ್ರೇನಿನ ಮಿಕೊಲಾಯಿವ್ ನಗರದಲ್ಲಿ. ಯುದ್ಧನೌಕೆಗಳ ಗ್ಯಾಸ್ ಟರ್ಬೈನ್‌ಗಳನ್ನು ಮಾಡುವ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯೂ ಅಲ್ಲೇ. 2014ರಲ್ಲಿ ಕ್ರಿಮಿಯಾ ವಶವಾದ ಮೇಲೆ ಉಕ್ರೇನ್ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಅರೆಬರೆ ಕಟ್ಟಿದ ಹೊಸ ಹಡಗುಗಳು ಎಂಜಿನ್ ಇಲ್ಲದೆ ನಿಂತವು. ಅವುಗಳಲ್ಲಿ ಎರಡನ್ನು ಭಾರತ ಕೊಂಡು, ಎಂಜಿನ್‌ಗಳನ್ನು ತಾನೇ ಉಕ್ರೇನಿನಿಂದ ತರಿಸಿತು. 2024ರ ಡಿಸೆಂಬರ್‌ನಲ್ಲಿ ತುಶಿಲ್, 2025ರ ಜುಲೈನಲ್ಲಿ ತಮಾಲ್ ಎಂಬ ಹೆಸರಿನಲ್ಲಿ ಅವು ನಮ್ಮ ನೌಕಾಪಡೆ ಸೇರಿದವು. ಎಂಜಿನ್ ಮಾಡುವ ಊರು ಕೈತಪ್ಪಿದರೆ ಎಂಥ ದೊಡ್ಡ ದೇಶದ ಕೈಯೂ ಕಟ್ಟಿಹೋಗುತ್ತದೆ. ಹಳೆಯ ಹಡಗುಗಳಿಗೆ ರಷ್ಯಾ ಅಂಟಿಕೊಂಡಿದ್ದಕ್ಕೆ ವ್ಯಾಮೋಹಕ್ಕಿಂತ ಇದೇ ದೊಡ್ಡ ಕಾರಣ ಎಂಬುದು ನನ್ನ ತಿಳಿವಳಿಕೆ.

ಚೀನಾ ಬೇರೆ ದಾರಿ ಹಿಡಿಯಿತು. ಕುಜ್ನೆತ್ಸೋವ್‌ನ ತಂಗಿಯಂತಿದ್ದ, ಕಟ್ಟಿ ಮುಗಿಯದ 'ವಾರ್ಯಾಗ್' ಹಡಗನ್ನು 1998ರಲ್ಲಿ ಕೊಂಡುಕೊಂಡು, ದಾಲಿಯನ್ ಬಂದರಿಗೆ ಎಳೆದು ತಂದು, 2012ರಲ್ಲಿ 'ಲಿಯಾವೊನಿಂಗ್' ಎಂದು ಸೇವೆಗೆ ಸೇರಿಸಿತು. ಅದು ಒಂದು ದಿನವೂ ಓಡಿರಲಿಲ್ಲ, ಹಾಗಾಗಿ ಒಡಲು ಸವೆದಿರಲಿಲ್ಲ. ಕೆಲಸವೆಲ್ಲ ತಮ್ಮದೇ ಹಡಗುಕಟ್ಟೆಯಲ್ಲಿ ನಡೆದದ್ದರಿಂದ ಕಲಿತದ್ದೂ ಅಲ್ಲೇ ಉಳಿಯಿತು. 2019ರಲ್ಲಿ ಅದೇ ದಾಲಿಯನ್‌ನಲ್ಲಿ ಕಟ್ಟಿದ ವಿಮಾನವಾಹಕ ನೌಕೆ ಶಾನ್‌ಡಾಂಗ್ ಬಂತು.

ನಿಮಗೆ ಇದೆಲ್ಲ ಕಣ್ಣಿಗೆ ಕಟ್ಟಬೇಕೆಂದರೆ ಒಮ್ಮೆ ಕಾರವಾರಕ್ಕೆ ಬನ್ನಿ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಸೋವಿಯತ್ ನಿರ್ಮಿತ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ದೋಣಿಗಳ ನಂತರದ ಪೀಳಿಗೆಯದು ಅದು, 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು. ಉದ್ದ ನಲವತ್ತು ಮೀಟರ್ ಕೂಡ ಇಲ್ಲ. ತಲೆ ತಗ್ಗಿಸಿ ಒಳಗೆ ಹೋಗಿ, ಕ್ಷಿಪಣಿಯ ಗೂಡುಗಳನ್ನು ಆಮೇಲೆ ನೋಡಿದರಾಯಿತು. ಮೊದಲು ತಲೆಯ ಮೇಲೆ, ಗೋಡೆಯ ಬದಿಯಲ್ಲಿ ಕೊಳವೆ, ಕೇಬಲ್ ಹೇಗೆ ಹೆಣೆದುಕೊಂಡಿವೆ ಎಂದು ನೋಡಿ. ಯಾವುದಾದರೂ ಒಂದು ಕೊಳವೆಯನ್ನು ಕಣ್ಣಿನಲ್ಲೇ ಹಿಡಿದು, ಅದು ಗೋಡೆಯೊಳಗೆ ಮರೆಯಾಗುವವರೆಗೂ ಹಿಂಬಾಲಿಸಿ. ಆಮೇಲೆ ಹೊರಗೆ ಬಂದು, ಅದರ ಏಳು ಪಟ್ಟು ಉದ್ದದ, 284 ಮೀಟರ್‌ಗಳ ವಿಕ್ರಮಾದಿತ್ಯದೊಳಗೆ ಅಂಥವು ಎಷ್ಟಿರಬಹುದೆಂದು ಯೋಚಿಸಿ.