ಸಿಂಧನೂರಿನ ಮಿಲ್ಲುಗಳ ಅಕ್ಕಿ ತೌಡನ್ನೇ ತಿನ್ನಿಸಿ ಟಗರು ಮರಿಗಳನ್ನು ಮಾರಾಟಕ್ಕೆ ಬೆಳೆಸಬಹುದಾ?

ಬೆಳೆಸಬಹುದು, ಆದರೆ ತೌಡು ಒಂದನ್ನೇ ಸುರಿಯಬೇಡಿ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಹೀಗಾದರೆ ಗಂಡು ಮರಿಗಳ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಮಾರುವ ಹೊತ್ತಿಗೆ ಉಚ್ಚೆ ಕಟ್ಟಿ ಮರಿ ಸತ್ತರೆ ಎಷ್ಟು ಸಂಕಟ, ಅಲ್ವಾ? ಒಟ್ಟು ಮೇವಿನಲ್ಲಿ ರಂಜಕದ ಎರಡು ಪಟ್ಟು ಕ್ಯಾಲ್ಸಿಯಂ ಇದ್ದರೆ ಒಳ್ಳೆಯದು.

ನನ್ನ ಪ್ರಕಾರ ದಾಣಿಯಲ್ಲಿ, ಅಂದರೆ ನುಚ್ಚು-ಹಿಂಡಿ ಬೆರೆಸಿದ ಮೇವಿನಲ್ಲಿ, ತೌಡು ಕಾಲು ಭಾಗ ಸಾಕು. ಉಳಿದದ್ದು ಮೆಕ್ಕೆಜೋಳದ ನುಚ್ಚು, ಬೇಳೆ ಮಿಲ್ಲಿನ ತೊಗರಿ ಚುನ್ನಿ (ಬೇಳೆಯ ನುಚ್ಚು, ಸಿಪ್ಪೆ), ಶೇಂಗಾ ಹಿಂಡಿ. 100 ಕೆಜಿಗೆ 2 ಕೆಜಿ ಸುಣ್ಣಕಲ್ಲಿನ ಪುಡಿ, 1 ಕೆಜಿ ಉಪ್ಪು ಸೇರಿಸಿ. ಜೊತೆಗೆ ಶೇಂಗಾ ಹೊಟ್ಟು ಮತ್ತು ಬೇಕಾದಷ್ಟು ನೀರು.

ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿದೆ, ಎಳೆ ಮರಿಗಳಿಗೆ ಬೇಡ. ಎಣ್ಣೆ ತೆಗೆಯದ ತೌಡು ಬೇಗ ಮುಗ್ಗುತ್ತದೆ, ವಾರಕ್ಕಾಗುವಷ್ಟೇ ತನ್ನಿ.