ಓದುಗರ ಪ್ರಶ್ನೆ: ಲೆಸ್ಟರ್ ಪಿಗಟ್ ಅವರ ಹಿರಿಮೆ ಯಾವುದರಲ್ಲಿದೆ?

ಪ್ರಶ್ನೆ: ಬ್ರಿಟನ್ನಿನ ಕುದುರೆ ರೇಸಿನಲ್ಲಿ ಗಾರ್ಡನ್ ರಿಚರ್ಡ್ಸ್ 26 ಬಾರಿ ಚಾಂಪಿಯನ್ ಜಾಕಿ (ಸವಾರ) ಆಗಿದ್ದರು, ಲೆಸ್ಟರ್ ಪಿಗಟ್ 11 ಬಾರಿ ಮಾತ್ರ. ಹಾಗಿದ್ದೂ ಪಿಗಟ್ ಅವರೇ ಶ್ರೇಷ್ಠರೆಂದು ಹಲವರು ಹೇಳುವುದೇಕೆ?

ಉತ್ತರ: ಚಾಂಪಿಯನ್ ಪಟ್ಟ ಸಲ್ಲುವುದು ಒಂದು ಋತುವಿನಲ್ಲಿ ಅತಿ ಹೆಚ್ಚು ರೇಸ್ ಗೆದ್ದವರಿಗೆ, ಗೆದ್ದ ರೇಸ್ ಚಿಕ್ಕದೋ ದೊಡ್ಡದೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆ ಎಣಿಕೆಯಲ್ಲಿ 4,870 ಗೆಲುವುಗಳ ರಿಚರ್ಡ್ಸ್ ಅವರೇ ಮುಂದಿದ್ದಾರೆ. ಬ್ರಿಟನ್ನಿನಲ್ಲಿ ಪಿಗಟ್ ಗೆದ್ದದ್ದು 4,493. ಆದರೆ ಅಲ್ಲಿನ ಅತಿ ಪ್ರತಿಷ್ಠಿತ ರೇಸ್ ಆದ ಎಪ್ಸಮ್‌ನ ಡರ್ಬಿಯನ್ನು ರಿಚರ್ಡ್ಸ್ 1953ರಲ್ಲಿ ಒಮ್ಮೆ ಮಾತ್ರ ಗೆದ್ದರೆ, ಮರುವರ್ಷವೇ ಹದಿನೆಂಟರ ಹರೆಯದಲ್ಲಿ ಮೊದಲ ಡರ್ಬಿ ಗೆದ್ದ ಪಿಗಟ್ 1983ರ ವೇಳೆಗೆ ಅದನ್ನು ಒಂಬತ್ತು ಬಾರಿ ಗೆದ್ದಿದ್ದರು.

ಅವರ ನಿಜವಾದ ಬಲವಿದ್ದದ್ದು ಕಾಯುವ ಧೈರ್ಯದಲ್ಲಿ ಎಂದು ನನ್ನ ಅಭಿಪ್ರಾಯ. 1968ರ ಡರ್ಬಿಯನ್ನೇ ನೋಡಿ. ಸರ್ ಐವರ್ ಕುದುರೆಗೆ ವೇಗವಿತ್ತು, ಆದರೆ ಸುಮಾರು 2,400 ಮೀಟರ್ ದೂರಕ್ಕೆ ಅದರ ಕಸುವು ಸಾಲುತ್ತದೆಯೇ ಎಂಬ ಅನುಮಾನವಿತ್ತು. ಮುಂದೆ ಕನಾಟ್ ಎಂಬ ಕುದುರೆ ಗೆಲುವು ತನ್ನದೇ ಎಂಬಂತೆ ಓಡುತ್ತಿದ್ದರೂ ಪಿಗಟ್ ಅವಸರಪಡದೆ ತಮ್ಮ ಕುದುರೆಯ ವೇಗವನ್ನು ಕಾಯ್ದಿಟ್ಟು, ಕೊನೆಯ ಇನ್ನೂರು ಮೀಟರಿನೊಳಗೆ ಆ ವೇಗವನ್ನು ಹರಿಯಬಿಟ್ಟು ಮುನ್ನುಗ್ಗಿದರು. ಎರಡು ವರ್ಷಗಳ ಬಳಿಕ ಅವರು ನಿಜಿನ್ಸ್ಕಿ ಎಂಬ ಕುದುರೆಯ ಮೇಲೆ ಟೂ ಥೌಸಂಡ್ ಗಿನೀಸ್, ಡರ್ಬಿ ಮತ್ತು ಸೇಂಟ್ ಲೆಜರ್ ಎಂಬ ಮೂರು ದೊಡ್ಡ ರೇಸುಗಳನ್ನೂ ಗೆದ್ದರು. ಆ ಮೂರನ್ನೂ ಒಂದೇ ವರ್ಷ ಗೆದ್ದ ಕುದುರೆ ಆಮೇಲೆ ಇನ್ನೊಂದು ಬಂದಿಲ್ಲ.

ಇದಕ್ಕೆಲ್ಲ ಅವರ ದೇಹ ತೆತ್ತ ಬೆಲೆಯನ್ನು ಮರೆಯಬಾರದು. ಸುಮಾರು ಐದು ಅಡಿ ಎಂಟು ಅಂಗುಲದ ಎತ್ತರ ಜಾಕಿಗೆ ಹೆಚ್ಚೇ ಆಯಿತು. ಸಹಜವಾಗಿ ಇರಬೇಕಾದ ತೂಕಕ್ಕಿಂತ ಬಹಳ ಕಡಿಮೆ ತೂಕದಲ್ಲಿ ಉಳಿಯಲು ಅವರು ದಶಕಗಳ ಕಾಲ ಅರೆಹೊಟ್ಟೆಯಲ್ಲಿ ಬದುಕಿದರು.

1985ರಲ್ಲಿ ನಿವೃತ್ತರಾಗಿ ತರಬೇತುದಾರರಾದ ಅವರು 1987ರಲ್ಲಿ ತೆರಿಗೆ ವಂಚನೆಗಾಗಿ ಜೈಲು ಸೇರಿದರು, ಬ್ರಿಟಿಷ್ ರಾಜಮನೆತನದ ಹೆಸರಿನಲ್ಲಿ ಸಲ್ಲುವ ಓಬಿಇ ಗೌರವವನ್ನೂ ಕಳೆದುಕೊಂಡರು. ಆ ತಪ್ಪನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ. ಆದರೂ 1990ರಲ್ಲಿ ಮತ್ತೆ ಜೀನು ಏರಿ, ಎರಡು ವಾರ ತುಂಬುವ ಮೊದಲೇ ತಮ್ಮ ಐವತ್ನಾಲ್ಕನೆಯ ವಯಸ್ಸಿನಲ್ಲಿ ಅಮೆರಿಕದ ಬೆಲ್ಮಾಂಟ್ ಪಾರ್ಕ್‌ನಲ್ಲಿ ಬ್ರೀಡರ್ಸ್ ಕಪ್ ಮೈಲ್ ಎಂಬ ದೊಡ್ಡ ರೇಸ್ ಗೆದ್ದರು. ಅಲ್ಲಿ ಅವರು ಏರಿದ್ದ ರಾಯಲ್ ಅಕಾಡೆಮಿ ಎಂಬ ಕುದುರೆಯನ್ನು ಪಳಗಿಸಿದವರು ಸರ್ ಐವರ್ ಮತ್ತು ನಿಜಿನ್ಸ್ಕಿಗಳ ತರಬೇತುದಾರ ವಿನ್ಸೆಂಟ್ ಒಬ್ರಯನ್ ಅವರೇ. ಅಂದೂ ಪಿಗಟ್ ಹಿಂದೆಯೇ ಉಳಿದು, ಕಡೆಯ ಗಳಿಗೆಯಲ್ಲಿ ಮುಂದೆ ಬಂದು, ಒಂದು ಕುತ್ತಿಗೆಯಷ್ಟು ಅಂತರದಿಂದ ಗೆದ್ದರು.